ದಾರಿ ತಪ್ಪಿದ ಪೊಟ್ಟಣ

ಮೂರನೆಯ ಮೇನ್, ನಾಲ್ಕನೆಯ ಕ್ರಾಸಿಗೆ ಬರಬೇಕಾಗಿದ್ದ ಧಾರೆಸೀರೆಯ ಪೊಟ್ಟಣವು ನಾಲ್ಕನೆಯ ಮೇನ್, ಮೂರನೆಯ ಕ್ರಾಸಿನ ಅದೇ ನಂಬರಿನ ಮನೆಗೆ ಹೋಯಿತು. ಅಲ್ಲಿ ಯಾರೋ ರುಜು ಹಾಕಿ ತೆಗೆದುಕೊಂಡರು. ಮದುವೆಗೆ ನಾಲ್ಕೇ ದಿನ. ಅಂಗಡಿಯವರು, “ಸಾಗಣೆಯವರನ್ನು ಕೇಳಿ” ಎಂದರು. ಸಾಗಣೆಯವರು, “ರುಜು ಇದೆಯಲ್ಲ!” ಎಂದರು. ಹಣ ತೆತ್ತ ತಾಯಿ ಯಾರನ್ನು ಹಿಡಿಯಬೇಕು?

1930ರ ಸರಕು ಮಾರಾಟದ ಕಾಯಿದೆಯ 39ನೆಯ ಕಲಮಿನಂತೆ, ಸಾಗಣೆದಾರನಿಗೆ ಸರಕನ್ನು ಒಪ್ಪಿಸಿದರೆ ಮೇಲ್ನೋಟಕ್ಕೆ ಕೊಂಡವನಿಗೇ ಒಪ್ಪಿಸಿದ ಹಾಗೆ. ಅಂಗಡಿಯವರು ಆತುಕೊಳ್ಳುವ ಕೊಂಬೆ ಇದೇ. ಆದರೆ, ‘ಮನೆಬಾಗಿಲಿಗೆ ಮುಟ್ಟಿಸುತ್ತೇವೆ’ ಎಂದು ಅವರು ಮಾತು ಕೊಟ್ಟಿದ್ದರೆ ಆ ಕೊಂಬೆ ಮುರಿದಂತೆಯೇ. ಮುಟ್ಟಿಸುವ ಹೊಣೆ ಅವರದು.

1922ರಲ್ಲಿ ಇಂಗ್ಲೆಂಡಿನ ನ್ಯಾಯಾಲಯವೊಂದು ಶಾಂಪೇನ್ ಪೆಟ್ಟಿಗೆಯ ವ್ಯಾಜ್ಯದಲ್ಲಿ ಇದರ ಎಲ್ಲೆಯನ್ನು ಗುರುತಿಸಿತು: ಹೇಳಿದ ಸ್ಥಳದಲ್ಲಿಯೇ, ಪಡೆಯಲು ಅಧಿಕಾರವುಳ್ಳವನಂತೆ ತೋರುವವನ ಕೈಗೆ, ಎಚ್ಚರ ತಪ್ಪದೆ ಕೊಟ್ಟರೆ ಮಾರಿದವನ ಹೊಣೆ ತೀರಿತು. ಈ ನ್ಯಾಯದಂತೆ, ನಿಮ್ಮ ಮನೆಯಲ್ಲಿದ್ದವನೇ ಪಡೆದು ಮಾಯವಾದರೆ ನಷ್ಟ ನಿಮ್ಮದು. ಬೇರೆ ಮನೆಗೆ ಕೊಟ್ಟರೆ ಅಂಗಡಿಯವರದು. ಪರರ ರುಜು ನಿಮ್ಮ ರುಜುವಾಗದು.

ಆದುದರಿಂದ ಮೊದಲು ರಸೀದಿಯ ವಿಳಾಸವನ್ನು ನೋಡಿರಿ. ತಪ್ಪು ಬರೆದವರು ನೀವೇ ಆಗಿದ್ದರೆ ದೂರಲು ಬಾಯಿಲ್ಲ. ವಿಳಾಸ ಸರಿಯಿದ್ದರೆ ಅಂಗಡಿಗೇ ಬರೆಯಿರಿ. ಅವರು ಜಗ್ಗದಿದ್ದಲ್ಲಿ, 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗಕ್ಕೆ ಎರಡು ವರ್ಷಗಳೊಳಗೆ ದೂರು ಕೊಡಬಹುದು.

ಸೀರೆಯೇನೋ ಧಾರೆಯ ಹಿಂದಿನ ಸಂಜೆ ಸಿಕ್ಕಿತು. ಅದನ್ನು ತಂದುಕೊಟ್ಟವರು ಅಂಗಡಿಯವರಲ್ಲ, ಸಾಗಣೆಯವರೂ ಅಲ್ಲ; ರುಜು ಹಾಕಿದ ಆ ಮನೆಯ ಅಜ್ಜಿ!