ಹುಚ್ಚುನಾಯಿ ರೋಗದ ಸೂಜಿ ಆಯಿತು, ಇನ್ನೊಂದು ಸೂಜಿ ಬಾಕಿ ಇದೆ

"ನಮ್ಮ ನಾಯಿಗೆ ಇಂಜೆಕ್ಷನ್ ಆಗಿದೆ ಬಿಡ್ರಿ" ಎಂಬ ಮಾತು ಹಳ್ಳಿಗಳಲ್ಲಿ ನಮ್ಮ ಕಿವಿಗೆ ಆಗಾಗ ಬೀಳುತ್ತದೆ. ಯಾವ ಇಂಜೆಕ್ಷನ್ ಎಂದು ಕೇಳಿದರೆ ಬಹುಪಾಲು ಒಂದೇ ಉತ್ತರ: ಹುಚ್ಚುನಾಯಿ ರೋಗದ್ದು. ಹಾಕಿಸಿದ್ದು ಒಳ್ಳೆಯದೇ ಆಯಿತು. ಆದರೆ ಆ ಸೂಜಿ ತಡೆಯುವುದು ರೇಬೀಸನ್ನು ಮಾತ್ರ. ಕೆಮ್ಮು, ಸಿಂಬಳದಿಂದ ಶುರುವಾಗಿ ಒಂದು ಕೇರಿಯ ಮರಿಗಳನ್ನೆಲ್ಲ ಗುಡಿಸಿಕೊಂಡು ಹೋಗುವ ಡಿಸ್ಟೆಂಪರ್ ಎಂಬ ರೋಗವನ್ನು ಅದು ತಡೆಯುವುದಿಲ್ಲ. ಅದಕ್ಕೆ ಬೇರೆಯದೇ ಲಸಿಕೆ ಇದೆ. ನಮ್ಮ ಹಳ್ಳಿಗಳ ಎಷ್ಟೋ ನಾಯಿಗಳು ಆ ಸೂಜಿಯನ್ನು ಕಾಣದೆಯೇ ಸಾಯುತ್ತವೆ.

ಡಿಸ್ಟೆಂಪರ್ ವೈರಸ್‌ನಿಂದ ಬರುವ ಕಾಯಿಲೆ. ಮನುಷ್ಯರ ದಡಾರದ ವೈರಸ್‌ಗೆ ಇದು ಹತ್ತಿರದ ಬಂಧು, ಆದರೆ ಮನುಷ್ಯರಿಗೆ ಈ ರೋಗ ಬರುವುದಿಲ್ಲ. ಕಾಯಿಲೆ ಬಿದ್ದ ನಾಯಿ ಕೆಮ್ಮಿದರೆ, ಸೀನಿದರೆ ಪಕ್ಕದ ನಾಯಿಗೆ ಹತ್ತುತ್ತದೆ. ಒಂದೇ ತಟ್ಟೆಯಲ್ಲಿ ಅನ್ನ ತಿಂದರೂ, ಒಂದೇ ಬಾನಿಯಲ್ಲಿ ನೀರು ಕುಡಿದರೂ ಹತ್ತಬಹುದು. ವೈರಸ್ ಮೈಸೇರಿದ ಒಂದೆರಡು ವಾರದಲ್ಲಿ ಜ್ವರ ಬರುತ್ತದೆ. ಕಣ್ಣಲ್ಲಿ ಗೀಜು ಕಟ್ಟುತ್ತದೆ, ಮೂಗು ಸೋರುತ್ತದೆ, ಕೆಮ್ಮು ಹಿಡಿಯುತ್ತದೆ, ಊಟ ಬಿಡುತ್ತದೆ. ಮುಂದೆ ನ್ಯುಮೋನಿಯಾ, ವಾಂತಿ, ಭೇದಿ ಆಗಬಹುದು. ಇಷ್ಟರಲ್ಲಿ ಬದುಕಿ ಉಳಿದ ನಾಯಿಗೂ ಕೆಲವು ವಾರಗಳ ನಂತರ ಕಾಲು ಅದುರುವುದು, ದವಡೆ ಕಟಕಟ ಆಡುವುದು, ಫಿಟ್ಸ್ ಬರುವುದು ಶುರುವಾಗಬಹುದು.

ಇಲ್ಲೇ ಊರಿನವರು ಗಾಬರಿಯಾಗುವುದು. ಜೊಲ್ಲು ಸುರಿಸುತ್ತಾ ತೂರಾಡುವ ನಾಯಿಯನ್ನು ಕಂಡವರು "ಹುಚ್ಚು ಹಿಡಿದಿದೆ" ಎಂದು ದೊಣ್ಣೆ ಎತ್ತಿಕೊಳ್ಳುತ್ತಾರೆ. ಅವರ ಭಯ ಸುಳ್ಳಲ್ಲ. ಬರೀ ಕಣ್ಣಲ್ಲಿ ನೋಡಿ ಎರಡನ್ನೂ ಬೇರೆ ಮಾಡುವುದು ಡಾಕ್ಟರಿಗೂ ಕಷ್ಟ. ಹಾಗಾಗಿ ಯಾವ ನಾಯಿ ಕಚ್ಚಿದರೂ, ಅದು ಮನೆಯದೇ ಆಗಿರಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಲೇಬೇಕು. "ಇದು ಡಿಸ್ಟೆಂಪರ್ ಇರಬೇಕು" ಎಂದು ಮನೆಯಲ್ಲೇ ತೀರ್ಮಾನ ಮಾಡಿ ಕೂರಬೇಡಿ.

ಡಿಸ್ಟೆಂಪರ್ ವೈರಸ್ಸನ್ನು ಕೊಲ್ಲುವ ಔಷಧಿ ಇಲ್ಲ. ಡಾಕ್ಟರು ಗ್ಲೂಕೋಸ್ ಏರಿಸಬಹುದು, ಮೇಲೆ ಸೇರಿಕೊಳ್ಳುವ ಸೋಂಕಿಗೆ ಆಂಟಿಬಯಾಟಿಕ್ ಕೊಡಬಹುದು, ಫಿಟ್ಸ್ ತಡೆಯಲು ನೋಡಬಹುದು. ಉಳಿದದ್ದು ನಾಯಿಯ ಶಕ್ತಿಗೆ ಬಿಟ್ಟದ್ದು. ಆದ್ದರಿಂದ ಮೊದಲೇ ತಡೆಯುವುದೇ ಸರಿಯಾದ ದಾರಿ. ಮರಿಗೆ ಆರರಿಂದ ಎಂಟು ವಾರ ತುಂಬಿದಾಗ ಮೊದಲ ಡೋಸ್, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ನಾಲ್ಕು ತಿಂಗಳು ತುಂಬುವವರೆಗೆ ಮತ್ತೆ ಡೋಸ್ ಹಾಕಿಸಬೇಕು. ನಂತರ ಡಾಕ್ಟರು ಹೇಳಿದ ಸಮಯಕ್ಕೆ ಬೂಸ್ಟರ್. ಒಂದೇ ಡೋಸ್ ಹಾಕಿಸಿ ಸುಮ್ಮನಾದರೆ ಸಾಲದು. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಲಸಿಕೆ ಸರಿಯಾಗಿ ಹಿಡಿಯದೇ ಹೋಗಬಹುದು. ಪದೇ ಪದೇ ಹಾಕಿಸುವುದು ಇದಕ್ಕೇ. ಮಾರಕ ವಾಂತಿ-ಭೇದಿ ತರುವ ಪಾರ್ವೋ ರೋಗಕ್ಕೂ ಸಾಮಾನ್ಯವಾಗಿ ಇದೇ ಸೂಜಿಯಲ್ಲಿ ರಕ್ಷಣೆ ಇರುತ್ತದೆ.

ಹಾಗಾದರೆ ಜನ ಯಾಕೆ ಹಾಕಿಸುವುದಿಲ್ಲ? ನಾಯಿಯ ಮೇಲೆ ಪ್ರೀತಿ ಇಲ್ಲವೆಂದಲ್ಲ. ರೇಬೀಸ್ ಲಸಿಕೆಯನ್ನು ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಹಲವು ಪಶು ಆಸ್ಪತ್ರೆಗಳಲ್ಲಿ ಉಚಿತವಾಗಿ ಹಾಕುತ್ತಾರೆ. ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಮನೆ ಬಾಗಿಲಿಗೇ ಬರುತ್ತದೆ. ಡಿಸ್ಟೆಂಪರ್ ಲಸಿಕೆಗೆ ಮಾತ್ರ ಕೂಲಿ ಬಿಟ್ಟು, ಮರಿಯನ್ನು ಚೀಲದಲ್ಲಿಟ್ಟುಕೊಂಡು ಪೇಟೆಗೆ ಹೋಗಿ, ನೂರಾರು ರೂಪಾಯಿ ಕೊಡಬೇಕು. ಅದೂ ಮೂರು ಸಲ. ಕೆಲವರು ಮೆಡಿಕಲ್ ಶಾಪಿನಿಂದ ಬಾಟಲಿ ತಂದು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಊರಿಗೆ ಒಯ್ಯುತ್ತಾರೆ. ಈ ಲಸಿಕೆ 2ರಿಂದ 8 ಡಿಗ್ರಿ ತಂಪಿನಲ್ಲಿ ಇರಬೇಕು. ಬಿಸಿಲಿಗೆ ಕೆಟ್ಟ ಲಸಿಕೆ ಹಾಕಿಸಿದರೆ ದುಡ್ಡೂ ಹೋಯಿತು, ಮರಿಯೂ ಉಳಿಯಲಿಲ್ಲ.

"ಬೀದಿ ನಾಯಿ ಹೆಚ್ಚಾಗಿವೆ, ರೋಗ ಬಂದು ಸತ್ತರೆ ಸಾಯಲಿ" ಎನ್ನುವವರೂ ಇದ್ದಾರೆ. ನಾವು ಒಪ್ಪುವುದಿಲ್ಲ. ರೋಗದಿಂದ ಸತ್ತ ಮರಿಗಳ ಜಾಗವನ್ನು ಮುಂದಿನ ಸೂಲಿನ ಮರಿಗಳು ತುಂಬುತ್ತವೆ. ನಾಯಿ ಕಡಿಮೆಯಾಗಬೇಕೆಂದರೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಅಲ್ಲದೆ ಈ ರೋಗ ಊರಿನೊಳಗೇ ನಿಲ್ಲುವುದಿಲ್ಲ. 1994ರಲ್ಲಿ ಆಫ್ರಿಕಾದ ಸೆರೆಂಗೆಟಿ ಕಾಡಿನ ಸುಮಾರು ಮೂರನೇ ಒಂದು ಭಾಗದಷ್ಟು ಸಿಂಹಗಳು ಡಿಸ್ಟೆಂಪರ್ ಹಾವಳಿಯಲ್ಲಿ ಸತ್ತವು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ 20ಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಕೆಲವುಗಳಲ್ಲಿ ಇದೇ ವೈರಸ್ ಸಿಕ್ಕಿತು. ಆಗ ಅಮೆರಿಕದಿಂದ ಲಸಿಕೆ ತರಿಸಬೇಕಾಯಿತು. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟದ ಅಂಚಿನ ಊರುಗಳಲ್ಲಿ ನಮ್ಮ ನಾಯಿಗಳು ದನದ ಹಿಂದೆ ಕಾಡಂಚಿಗೆ ಹೋಗುತ್ತವೆ. ಚಿರತೆ ರಾತ್ರಿ ಊರಿಗೆ ಬಂದು ನಾಯಿಯನ್ನು ಹೊತ್ತೊಯ್ಯುತ್ತದೆ. ಸೀಳುನಾಯಿ, ಚಿರತೆ, ಹುಲಿ ಎಲ್ಲಕ್ಕೂ ಈ ರೋಗ ಹತ್ತಬಲ್ಲದು.

ನಮ್ಮ ಒತ್ತಾಯ ದೊಡ್ಡದೇನಲ್ಲ. ರೇಬೀಸ್ ಲಸಿಕೆ ಶಿಬಿರ ನಡೆಯುವ ದಿನವೇ ಡಿಸ್ಟೆಂಪರ್ ಲಸಿಕೆಯನ್ನೂ ಸರ್ಕಾರ ಕಡಿಮೆ ದರಕ್ಕೆ ಕೊಡಲಿ. ಕಾಡಂಚಿನ ಊರುಗಳಿಂದ ಶುರು ಮಾಡಲಿ. ಮುಂದಿನ ಗ್ರಾಮಸಭೆಯಲ್ಲಿ ನೀವು ಈ ಮಾತು ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮರಿ ಇರುವ ಹತ್ತು ಮನೆಯವರು ಸೇರಿ ಹೆಸರು ಬರೆದುಕೊಂಡು ದನದ ಡಾಕ್ಟರನ್ನು ಕೇಳಿ. ಒಂದು ಐಸ್ ಪೆಟ್ಟಿಗೆಯಲ್ಲಿ ಲಸಿಕೆ ತಂದರೆ ಒಂದೇ ದಿನ ಹತ್ತು ಮರಿಗೆ ಹಾಕಬಹುದು, ಪೇಟೆಯ ಓಡಾಟವೂ ತಪ್ಪುತ್ತದೆ.

ಈಗಾಗಲೇ ನಾಯಿ ಕೆಮ್ಮುತ್ತಿದ್ದರೆ ಬೇರೆ ಕಡೆ ಕಟ್ಟಿ, ತಟ್ಟೆ ಬೇರೆ ಇಡಿ, ಅದನ್ನು ಮುಟ್ಟಿದ ಮೇಲೆ ಕೈ ತೊಳೆದೇ ಬೇರೆ ನಾಯಿ ಮುಟ್ಟಿ. ಗುಣವಾದ ನಾಯಿಯೂ ಕೆಲವು ವಾರ ರೋಗ ಹರಡಬಲ್ಲದು. ಮನೆಯಲ್ಲಿರುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಮಾತ್ರೆ ಕೊಡಬೇಡಿ, ಅವು ನಾಯಿಗೆ ವಿಷವಾಗಬಹುದು. ಎಲ್ಲ ಕೆಮ್ಮೂ ಡಿಸ್ಟೆಂಪರ್ ಅಲ್ಲ. ತಾನಾಗಿ ವಾಸಿಯಾಗುವ ಕೆಮ್ಮೂ ಇದೆ. ಯಾವುದೆಂದು ಡಾಕ್ಟರು ಹೇಳಲಿ. ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿಯೂ ಸಲಹೆ ಕೇಳಬಹುದು.

ಮಳೆ ಚಳಿ ಎನ್ನದೆ ಹೊಲ, ಕಣ, ಕುರಿಹಟ್ಟಿ ಕಾಯುವ ಪ್ರಾಣಿ ಇದು. ತಂಗಳು ರೊಟ್ಟಿಗೆ ಇಷ್ಟು ದುಡಿಯುವವರು ನಮ್ಮ ಮನೆಯಲ್ಲಿ ಬೇರೆ ಯಾರೂ ಇಲ್ಲ. ಅದಕ್ಕೆ ಸಿಗಬೇಕಾದ ಆ ಇನ್ನೊಂದು ಸೂಜಿಯನ್ನು ನಾವೆಲ್ಲ ಸೇರಿ ಕೇಳೋಣ.