ಆಯಿಲ್ ಏರಿದರೆ ಖುಷಿಪಡಬೇಡಿ

ಜನವರಿಯ ಒಂದು ಶನಿವಾರ ರಾತ್ರಿ ಬೆಂಗಳೂರಿಂದ ಹಾಸನಕ್ಕೆ ಹೋಗಿದ್ದೆ. ಊಟಕ್ಕೆ ಕೂತಾಗ ಅಪ್ಪ ಹೆಮ್ಮೆಯಿಂದ ಒಂದು ಸುದ್ದಿ ಹೇಳಿದರು.

"ನಮ್ಮ ಗಾಡಿ ಆಯಿಲ್ ಕುಡಿಯೋದೇ ಇಲ್ಲ ಕಣವ್ವ. ಏಳು ತಿಂಗಳಾಯ್ತು, ಒಂದು ಹನಿ ಇಳಿದಿಲ್ಲ. ಮೇಲಿನ ಗೆರೆ ದಾಟೇ ಐತೆ. ಜೂನ್‌ನಲ್ಲಿ ಹಾಕಿದೋನು ಕೈ ಬಿಚ್ಚಿ ಹಾಕಿರಬೇಕು."

ಅಮ್ಮ ನಕ್ಕರು, ನಾನೂ ನಕ್ಕೆ. ಆ ಪಿಕಪ್‌ನ ಸಾಲಕ್ಕೆ ಜಾಮೀನು ಹಾಕಿದವಳು ನಾನು. ಗಾಡಿ ಖರ್ಚು ಕಮ್ಮಿ ಅಂದರೆ ನನಗಿಂತ ಖುಷಿಪಡೋರು ಯಾರು?

ಹಿನ್ನೆಲೆ ಸ್ವಲ್ಪ ಹೇಳಬೇಕು. ಅಪ್ಪ 22 ವರ್ಷ ಲೈನ್ ಲಾರಿ ಓಡಿಸಿದವರು. ಬೆಂಗಳೂರು–ಮಂಗಳೂರು, ರಾತ್ರಿ ಪಾಳಿ, ಶಿರಾಡಿ ಘಾಟಿ. ಶುಗರ್, ಬಿಪಿ ಎರಡೂ ಶುರುವಾದ ಮೇಲೆ ನಾನೇ ಹಟ ಹಿಡಿದು ಲಾರಿ ಬಿಡಿಸಿದೆ. ಕಳೆದ ಜೂನ್‌ನಲ್ಲಿ 2021ರ ಮಾಡೆಲ್ ಡೀಸೆಲ್ ಪಿಕಪ್ ಒಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡೆವು. ಹಾಸನದೊಳಗೇ 20 ಲೀಟರಿನ ನೀರಿನ ಕ್ಯಾನ್ ಹಾಕುವ ಕೆಲಸ. ಬೆಳಗ್ಗೆ ಐದೂವರೆಗೆ ಹೊರಟರೆ ಮಧ್ಯಾಹ್ನ ಮನೆ ಊಟ. ದಿನಕ್ಕೆ ಬರೀ 28 ಕಿ.ಮೀ.

ಗಾಡಿಗೂ ಆರಾಮು, ಅಪ್ಪನಿಗೂ ಆರಾಮು ಅಂತ ನನ್ನ ಲೆಕ್ಕ.

ಲೆಕ್ಕ ಅಂದೆನಲ್ಲ, ನಿಜವಾಗಿಯೂ ಒಂದು ಎಕ್ಸೆಲ್ ಶೀಟ್ ಮಾಡಿದ್ದೆ. ಡೀಸೆಲ್, ಇಎಂಐ, ಟೈರು, ಆಯಿಲ್ ಎಲ್ಲಕ್ಕೂ ಒಂದೊಂದು ಕಾಲಂ. ಕೈಪಿಡಿಯಲ್ಲಿ ಆಯಿಲ್ ಬದಲಾವಣೆಗೆ 10,000 ಕಿ.ಮೀ. ಅಥವಾ ಒಂದು ವರ್ಷ ಅಂತಿತ್ತು. ನವೆಂಬರ್‌ನಲ್ಲಿ ಅಪ್ಪ ಫೋನ್ ಮಾಡಿ, "ಆಯಿಲ್ ಯಾಕೋ ಬೇಗ ಕಪ್ಪಾಗೈತೆ, ಬದಲಾಯಿಸಿಬಿಡೋಣ್ವಾ?" ಅಂತ ಕೇಳಿದ್ದರು. ನಾನು ಶೀಟ್ ತೆರೆದು ನೋಡಿ, "ಇನ್ನೂ ನಾಲ್ಕು ಸಾವಿರ ಕೂಡ ಆಗಿಲ್ಲ ಅಪ್ಪ, ಸುಮ್ಮನೆ ದುಡ್ಡು ದಂಡ" ಅಂದಿದ್ದೆ. 22 ವರ್ಷ ಸ್ಟೀರಿಂಗ್ ಹಿಡಿದವರು ಮಗಳ ಮಾತಿಗೆ ಸುಮ್ಮನಾದರು.

ಆ ಶನಿವಾರದ ಮಾರನೇ ಬೆಳಗ್ಗೆ ಗಾಡಿ ಎಳೆಯಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಎತ್ತಿನಗಾಡಿ ವೇಗ. ಆ ದೀಪ ತಿಂಗಳಿಂದ ಆಗಾಗ ಬಂದು ಹೋಗುತ್ತಿತ್ತಂತೆ. ಅಪ್ಪನ ಹಳೇ ಲಾರಿಯಲ್ಲಿ ಅಂಥ ದೀಪವೇ ಇರಲಿಲ್ಲ, ಹಾಗಾಗಿ ಅವರು ತಲೆ ಕೆಡಿಸಿಕೊಂಡಿರಲಿಲ್ಲ.

ಗ್ಯಾರೇಜಿನ ಹುಡುಗ ಗೇಜು ಕಡ್ಡಿ ಎಳೆದ. ಒರೆಸಿ, ಮತ್ತೆ ಹಾಕಿ, ಮತ್ತೆ ಎಳೆದ. ಆಯಿಲನ್ನು ಎರಡು ಬೆರಳ ನಡುವೆ ಉಜ್ಜಿ ಮೂಸಿದ. ಆಮೇಲೆ ಕಡ್ಡಿಯನ್ನು ಅಪ್ಪನ ಮೂಗಿನ ಹತ್ತಿರ ಹಿಡಿದ. "ಅಣ್ಣಾ, ಜಾಸ್ತಿ ಹಾಕಿರೋದಲ್ಲ ಇದು. ಡೀಸೆಲ್ ಸೇರೈತೆ."

ಆಯಿಲ್ ಹಾಕುವ ಕಡೆಯ ಮುಚ್ಚಳ ತೆಗೆದರೆ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ನೊರೆ. ಚೇಂಬರ್ ನಟ್ ಬಿಚ್ಚಿದಾಗ ಕಪ್ಪು ಆಯಿಲ್ ನೀರಿನ ಹಾಗೆ ಸುರಿಯಿತು. ಅಪ್ಪ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನವೆಂಬರ್‌ನ ಫೋನು ನನಗೆ ನೆನಪಾಗುತ್ತಿತ್ತು.

ಆಮೇಲೆ ಕೂತು ಓದಿ, ಕೇಳಿ ತಿಳಿದುಕೊಂಡದ್ದನ್ನು ನಿಮಗೂ ಹೇಳುತ್ತೇನೆ.

ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಆವಿಯಾಗಿ ಸೈಲೆನ್ಸರ್‌ನಿಂದ ಹೊರಗೆ ಹೋಗುತ್ತದೆ. ಸ್ವಲ್ಪ ಮಾತ್ರ ಪಿಸ್ಟನ್ ರಿಂಗ್ ಸಂದಿಯಿಂದ ನುಸುಳಿ ಆಯಿಲ್ ಇರುವ ಕಡೆಗೆ ಬರುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ನೀರು ಆವಿಯಾಗಿಯೇ ಉಳಿದು ಹೊರಟುಹೋಗುತ್ತದೆ. ತಣ್ಣಗಿದ್ದರೆ, ಅನ್ನದ ಪಾತ್ರೆಯ ತಟ್ಟೆಗೆ ಹನಿ ಕಟ್ಟುವ ಹಾಗೆ ಲೋಹಕ್ಕೆ ಕಟ್ಟಿ ಆಯಿಲ್‌ಗೆ ಇಳಿಯುತ್ತದೆ. ಮುಚ್ಚಳದ ಕೆಳಗಿನ ನೊರೆ ಅದೇ.

ಇಲ್ಲಿ ನಾವೆಲ್ಲ ಮೋಸ ಹೋಗುವ ಒಂದು ವಿಷಯ ಇದೆ. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸೋದು ರೇಡಿಯೇಟರ್ ನೀರಿನ ಬಿಸಿ. ಮುಳ್ಳು ಮಧ್ಯಕ್ಕೆ ಬಂದಾಗಲೂ ಆಯಿಲ್ ಇನ್ನೂ ಅರೆಬಿಸಿ. ಅದು ಪೂರ್ತಿ ಕಾಯಲು 15–20 ನಿಮಿಷವಾದರೂ ಗಾಡಿ ಓಡಬೇಕು. ಅಪ್ಪನ ಗಾಡಿ ಒಂದೇ ಸಮ ಓಡುತ್ತಿದ್ದದ್ದು ಐದು ನಿಮಿಷ. ಒಂದು ಬೀದಿ, ನಾಲ್ಕು ಕ್ಯಾನ್, ಮೂರನೇ ಮಹಡಿ, ಕೆಳಗೆ ಬಂದು ಮತ್ತೆ ಸೆಲ್ಫ್. ದಿನಕ್ಕೆ 30–35 ಸಲ.

ಇನ್ನು ಡೀಸೆಲ್ ಕಥೆ. 2020ರ ಏಪ್ರಿಲ್ 1ರಿಂದ ಹೊಸ ಗಾಡಿಗಳಿಗೆ ಬಿಎಸ್-6 ನಿಯಮ ಬಂತು. ಆಮೇಲಿನ ಬಹಳಷ್ಟು ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಒಂದು ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಮಸಿ ತುಂಬಿದಾಗ ಗಾಡಿ ತಾನೇ ಅದನ್ನು ಸುಟ್ಟು ಚೊಕ್ಕ ಮಾಡಿಕೊಳ್ಳುತ್ತದೆ. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಆ ಬಿಸಿ ಹುಟ್ಟಿಸಲು ಅನೇಕ ಎಂಜಿನ್‌ಗಳು ಸಿಲಿಂಡರಿಗೆ ಸ್ವಲ್ಪ ಹೆಚ್ಚುವರಿ ಡೀಸೆಲ್ ಚಿಮುಕಿಸುತ್ತವೆ. ಹೈವೇಯಲ್ಲಿದ್ದರೆ ಕೆಲಸ ಒಂದೇ ಸಲಕ್ಕೆ ಮುಗಿಯುತ್ತದೆ. ಗಲ್ಲಿಯಲ್ಲಿ ಶುರುವಾದ ಐದೇ ನಿಮಿಷಕ್ಕೆ ಅಪ್ಪ ಕೀ ತೆಗೆಯುತ್ತಿದ್ದರು. ಮುಂದಿನ ಸಲ ಮತ್ತೆ ಮೊದಲಿಂದ, ಮತ್ತೆ ಹೆಚ್ಚುವರಿ ಡೀಸೆಲ್. ಉರಿಯದೆ ಉಳಿದದ್ದು ಸಿಲಿಂಡರ್ ಗೋಡೆಯಿಂದ ಜಾರಿ ಚೇಂಬರ್ ಸೇರುತ್ತಿತ್ತು.

ಆಯಿಲ್ ಏರಿದ್ದು ಹೀಗೆ.

ಡೀಸೆಲ್ ಬೆರೆತ ಆಯಿಲ್ ತೆಳ್ಳಗಾಗುತ್ತದೆ. ಬೇರಿಂಗ್, ಟರ್ಬೊ ಇವುಗಳ ನಡುವೆ ನಿಲ್ಲಬೇಕಾದ ಜಿಡ್ಡಿನ ಪದರ ನಿಲ್ಲುವುದಿಲ್ಲ. ನೀರು, ಹೊಗೆಯ ಅನಿಲ ಸೇರಿ ಆಮ್ಲವಾಗುತ್ತದೆ. ಅದನ್ನು ತಡೆಯಲು ಆಯಿಲ್‌ನಲ್ಲಿ ಬೆರೆಸಿರುವ ರಾಸಾಯನಿಕ ಬೇಗ ಖರ್ಚಾಗುತ್ತದೆ. ಆಯಿಲ್ ತೀರಾ ಏರಿದರೆ ಇನ್ನೊಂದು ಅಪಾಯ: ಎಂಜಿನ್ ತನ್ನ ಆಯಿಲನ್ನೇ ಎಳೆದುಕೊಂಡು ಉರಿಸತೊಡಗಬಹುದು. ಆಗ ಕೀ ತೆಗೆದರೂ ಅದು ನಿಲ್ಲುವುದಿಲ್ಲ.

ಆ ರಾತ್ರಿ ನನ್ನ ಶೀಟಿಗೆ ಒಂದು ಹೊಸ ಲೆಕ್ಕ ಹಾಕಿದೆ. ಕಿಲೋಮೀಟರ್ ಬಿಟ್ಟು ಗಂಟೆ ಎಣಿಸಿದೆ. ನಿಂತು ಗುರುಗುಟ್ಟಿದ್ದೂ ಸೇರಿ ಎಂಜಿನ್ ದಿನಕ್ಕೆ ಎರಡೂವರೆ ಗಂಟೆ ಚಾಲೂ ಇರುತ್ತದೆ. ತಿಂಗಳಿಗೆ 26 ದಿನ, ಏಳು ತಿಂಗಳು: 455 ಗಂಟೆ. ಅಪ್ಪನ ಲಾರಿ ಲೈನ್ ಮೇಲೆ ಅಷ್ಟು ಗಂಟೆ ಓಡಿದ್ದರೆ, ಗಂಟೆಗೆ 40ರಂತೆ ಹಿಡಿದರೂ 18,200 ಕಿ.ಮೀ. ಆಗುತ್ತಿತ್ತು. ನಮ್ಮ ಮೀಟರ್ ತೋರಿಸಿದ್ದು 5,100 ಚಿಲ್ಲರೆ!

ಕೈಪಿಡಿಯಲ್ಲಿ ನಾನು ಓದದೇ ಬಿಟ್ಟ ಇನ್ನೊಂದು ಪುಟವೂ ಇತ್ತು: ಕಠಿಣ ಬಳಕೆ. ಆಯಿಲನ್ನು ಅರ್ಧ ಅವಧಿಗೇ ಬದಲಾಯಿಸಬೇಕಾದ ಗಾಡಿಗಳ ಪಟ್ಟಿ. ಧೂಳು, ಭಾರದ ಜೊತೆಗೆ ಪದೇಪದೇ ಹತ್ತಿರದ ಓಡಾಟ, ನಿಂತಲ್ಲೇ ಎಂಜಿನ್ ಚಾಲೂ ಇಡುವುದು ಎಲ್ಲ ಅಲ್ಲಿತ್ತು. ಅಪ್ಪ ಕನ್ನಡಕ ಹಾಕಿಕೊಂಡು, ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕುಬಿಟ್ಟರು. "ಶಿರಾಡಿ ಹತ್ತೋದು ಸಲೀಸು, ಹಾಸನದ ಗಲ್ಲಿ ಕಷ್ಟ ಅಂತಾಯ್ತು ಬಿಡು."

ಆ ನಗು ಬಂದಮೇಲೇ ನನಗೆ ಉಸಿರು ಬಂದದ್ದು.

"ಅಪ್ಪಾ, ನವೆಂಬರ್‌ನಲ್ಲಿ ನೀವು ಕೇಳಿದಾಗ..." ಅಂತ ಶುರು ಮಾಡಿದೆ.

"ನಂಗೇನು ಗೊತ್ತಿತ್ತು ಹೇಳು. ಕೈಯಲ್ಲಿ ಮುಟ್ಟಿದಾಗ ತೆಳ್ಳಗೈತೆ ಅನ್ನಿಸಿತ್ತು. ನೀನು ಓದಿರೋಳು ಅಂತ ಸುಮ್ಮನಾದೆ" ಅಂದರು. ಅದು ಬೈಗುಳವಲ್ಲ. ಆದರೂ ತಾಗಿತು.

ಹೊಸ ಆಯಿಲ್, ಫಿಲ್ಟರ್, ಡಿಪಿಎಫ್ ಸ್ವಚ್ಛತೆ, ಎರಡು ದಿನದ ಕ್ಯಾನ್ ವ್ಯಾಪಾರ ಖೋತಾ. ಎಂಜಿನ್ ಉಳಿಯಿತು. ಈಗ ಮನೆಯಲ್ಲಿ ಕೆಲವು ಹೊಸ ನಿಯಮಗಳಿವೆ.

ಆಯಿಲ್ ಬದಲಾವಣೆ 5,000 ಕಿ.ಮೀ. ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಕೈಪಿಡಿಯಲ್ಲಿ ಹೇಳಿದ ಗ್ರೇಡೇ, ಡಿಪಿಎಫ್ ಗಾಡಿಗೆಂದೇ ಬರುವ ಕಡಿಮೆ ಬೂದಿಯ ಆಯಿಲ್.

ಪ್ರತಿ ಸೋಮವಾರ ಬೆಳಗ್ಗೆ, ಸ್ಟಾರ್ಟ್ ಮಾಡುವ ಮುಂಚೆ, ಸಮತಟ್ಟು ಜಾಗದಲ್ಲಿ ಗೇಜು ನೋಡಬೇಕು. ಇಳಿದಿದ್ದರೂ ಬರೆಯಬೇಕು, ಏರಿದ್ದರೂ ಬರೆಯಬೇಕು.

ಮೊದಲು ಊರಾಚೆಯ ಬಡಾವಣೆಗೆ ಒಂದೇ ಓಟ, ಆಮೇಲೆ ಒಂದೊಂದೇ ಬೀದಿ ಮುಗಿಸುತ್ತ ವಾಪಸ್. ಬೆಳಗ್ಗೆ ಬಿಸಿಯಾಗಲಿ ಅಂತ ನಿಲ್ಲಿಸಿಕೊಂಡು ಹತ್ತು ನಿಮಿಷ ಗುರುಗುಟ್ಟಿಸುವುದಿಲ್ಲ. ಡೀಸೆಲ್ ಎಂಜಿನ್ ನಿಂತಲ್ಲಿ ಬಹಳ ನಿಧಾನವಾಗಿ ಕಾಯುತ್ತದೆ. ಸ್ಟಾರ್ಟ್ ಮಾಡಿ, ಅರ್ಧ ನಿಮಿಷ ಬಿಟ್ಟು, ಮೆಲ್ಲಗೆ ಹೊರಡುವುದು. ಡಿಪಿಎಫ್ ದೀಪ ಬಂದರೆ ಕೀ ತೆಗೆಯದೆ ಬೈಪಾಸ್ ಕಡೆ 20 ನಿಮಿಷ ಒಂದೇ ಸಮನೆ ಓಡಿಸುವುದು.

ಒಂದು ಎಚ್ಚರಿಕೆ. "ವಾರಕ್ಕೊಮ್ಮೆ ಹೈವೇ ಓಡಿಸಿದರೆ ಎಲ್ಲ ಸರಿಹೋಗುತ್ತೆ" ಅನ್ನುವ ಮಾತು ಅರ್ಧ ಮಾತ್ರ ನಿಜ. ಆಯಿಲ್‌ನ ನೀರು ಹಾರಿಹೋಗುತ್ತದೆ, ಡಿಪಿಎಫ್ ಚೊಕ್ಕವಾಗುತ್ತದೆ. ಆದರೆ ಒಳಸೇರಿದ ಡೀಸೆಲ್ ಅಷ್ಟು ಸುಲಭಕ್ಕೆ ಹೋಗದು. ಕಾದ ಆಯಿಲ್‌ನ ಬಿಸಿ ಅದನ್ನು ಆವಿ ಮಾಡಲು ಸಾಲದು. ಅದಕ್ಕೆ ಆಯಿಲ್ ಬದಲಾಯಿಸುವುದೇ ಮದ್ದು.

ಲಾರಿ ಇಲ್ಲದ ನಿಮಗೆ ಇದೆಲ್ಲ ಯಾಕೆ ಅನ್ನಿಸಿತಾ? ನಿಮ್ಮ ಆಫೀಸು ಮೂರು ಕಿ.ಮೀ. ದೂರದಲ್ಲಿದ್ದರೆ, ಅಥವಾ ವರ್ಕ್ ಫ್ರಂ ಹೋಂ ಅಂತ ಕಾರು ಬೇಸ್‌ಮೆಂಟಿನಲ್ಲಿ ನಿಂತು "ಬ್ಯಾಟರಿ ಇಳಿಯಬಾರದು" ಅಂತ ಭಾನುವಾರ ಐದು ನಿಮಿಷ ಮಾತ್ರ ಸ್ಟಾರ್ಟ್ ಮಾಡುತ್ತಿದ್ದರೆ, ನಿಮ್ಮ ಕಾರಿನ ಕಥೆಯೂ ಇದೇ. ಒಂದೊಂದು ಐದು ನಿಮಿಷವೂ ಆಯಿಲ್‌ಗೆ ಇನ್ನಷ್ಟು ನೀರು. ಅದರ ಬದಲು ಅರ್ಧ ಗಂಟೆ ಎಲ್ಲಾದರೂ ಹೋಗಿ ಬನ್ನಿ.

ಅಪ್ಪ ಈಗ ಭಾನುವಾರ ಸಕಲೇಶಪುರಕ್ಕೆ ಹೋಗಿ ಬರುತ್ತಾರೆ, ಪಕ್ಕದಲ್ಲಿ ಅಮ್ಮ. ಡಿಪಿಎಫ್ ನೆಪ. ಅಲ್ಲಿ ಕಾಫಿ ಕುಡಿದು, ಘಾಟಿ ಕಡೆ ಇಳಿಯುವ ಲಾರಿಗಳನ್ನು ಸ್ವಲ್ಪ ಹೊತ್ತು ನೋಡಿ ವಾಪಸ್ ಬರುತ್ತಾರಂತೆ. ಲಾರಿ ಬಿಡಿಸಿದಾಗ ಅವರಿಗೆ ಆ ರಸ್ತೆ ಎಷ್ಟು ಬೇಕಾಗಿತ್ತು ಅಂತ ನಾನು ಕೇಳಿಯೇ ಇರಲಿಲ್ಲ.

ಸೋಮವಾರ ಬೆಳಗ್ಗೆ ಐದೂವರೆಗೆ ನನ್ನ ಫೋನಿಗೆ ಗೇಜು ಕಡ್ಡಿಯ ಫೋಟೊ ಬರುತ್ತದೆ. ಈ ವಾರ ಆಯಿಲ್ ಎರಡು ಗೆರೆಗಳ ನಡುವೆ, ಇರಬೇಕಾದ ಕಡೆಯೇ ಇತ್ತು. ನಾನು ಶೀಟಿನಲ್ಲಿ ಬರೆದುಕೊಂಡೆ.

ನಿಮ್ಮ ಮನೆ ಗಾಡಿಯ ಗೇಜು ಕಡ್ಡಿಯನ್ನು ಕೊನೇ ಸಲ ಎಳೆದು ನೋಡಿದ್ದು ಯಾವಾಗ?