ರಾತ್ರೋರಾತ್ರಿ ಹುಂಜ ಸೇರ್ಸೋ ಬುದ್ಧಿವಂತ್ರಿಗೆ

"ಕತ್ಲಾದ್ಮೇಲೆ ಹೊಸ ಹುಂಜಾನ ಗೂಡಿಗೆ ಬಿಟ್ಬುಡು, ಬೆಳಗ್ಗೆ ಎಲ್ಲ ಒಂದೇ ಮನೇವು ಅನ್ಕೊಂಡ್ಬುಡ್ತವೆ." ಈ ಮಾತು ಹೇಳ್ದೆ ಇರೋ ಕೋಳಿ ಸಾಕಿದೋರು ನಮ್ ಮೈಸೂರು ಸೀಮೇಲಿ ಯಾರಿದಾರೆ? ನಮ್ಮತ್ತೆ ಹೇಳೋರು, ಸಂತೇಲಿ ಹುಂಜ ಮಾರ್ದೋನೂ ಹೇಳ್ದ. ನಾನೂ ನಾಕು ಜನಕ್ಕೆ ಹೇಳಿದೋಳೇ. ಅದು ತಪ್ಪು ಅಂತ ಇವತ್ತು ಬರೀತಿದೀನಿ, ಬೈಯೋರು ಬೈಕೊಳ್ಳಿ.

ಶ್ರೀರಾಂಪುರದ ನಮ್ಮನೆ ಹಿತ್ಲಲ್ಲಿ 9 ನಾಟಿ ಹ್ಯಾಟೆ ಇದ್ವು. ಮರಿ ಆಗ್ಲಿ ಅಂತ ಒಂದು ಕೆಂಪು ಹುಂಜ ತಂದೆ. ನೋಡೋಕೆ ರಾಜ ಇದ್ದಂಗಿತ್ತು. ರಾತ್ರಿ ಗೂಡಲ್ಲಿ ಕೂರಿಸ್ದೆ. ಬೆಳಗ್ಗೆ ಜಗಳ ಇಲ್ಲ, ಕುಕ್ಕಾಟ ಇಲ್ಲ. "ನೋಡುದ್ರಾ?" ಅಂತ ನಮ್ಮನೆಯವ್ರ ಹತ್ರ ಜಂಬ ಕೊಚ್ಕೊಂಡೆ. ಐದನೇ ದಿನ ಹುಂಜ ಮಂಕಾಯ್ತು. ಹಸಿರು ಹಿಕ್ಕೆ ಹಾಕ್ತು, ಬಾಯಿ ತೆರ್ದು ಉಸ್ರು ಎಳೀತು. ಆಮೇಲೆ ಒಂದೊಂದೇ ಹ್ಯಾಟೆ. ಒಂದ್ರದ್ದು ಕತ್ತೇ ತಿರುಚ್ಕೊಂತು. ಹದಿನೈದು ದಿನಕ್ಕೆ ಉಳ್ದಿದ್ದು ಎರಡು. ಪಶುವೈದ್ಯರು ನೋಡಿ ಕೊಕ್ಕರೆ ರೋಗ ಅಂದ್ರು, ರಾಣಿಖೇತ್ ಅಂತಾರಲ್ಲ ಅದು. ಬಂದ್ಮೇಲೆ ಔಷ್ದಿ ಇಲ್ಲ, ಬರೋಕ್ ಮುಂಚೆ ಲಸಿಕೆ ಅಷ್ಟೆ. ನಾನು ಹಾಕ್ಸಿರ್ಲಿಲ್ಲ. ಆ ತಪ್ಪು ನಂದು.

ಕತ್ಲಲ್ಲಿ ಕೋಳಿಗೆ ಕಣ್ಣು ಕಾಣಲ್ಲ, ಅದಕ್ಕೇ ಜಗಳ ಆಡಲ್ಲ. ಸರಿ ಕಣ್ರೀ. ರೋಗಕ್ಕೆ ಕಣ್ಣು ಬೇಕಾ? ನಾವು ಕುಕ್ಕಾಟ ತಪ್ಪಿಸೋ ಉಪಾಯ ಕಲ್ತು, ಸಾವು ತಪ್ಪಿಸೋದು ಮರೆತ್ವಿ. ಕುಕ್ಕಾಟ ಆದ್ರೂ ತಪ್ತದಾ? ಕೋಳಿಗಳಲ್ಲಿ ಯಾರು ಯಾರಿಗೆ ಕುಕ್ಬೇಕು ಅಂತ ಒಂದು ಸರದಿ ಇರ್ತದೆ. ನಾರ್ವೆ ದೇಶದವನೊಬ್ಬ 1921ರಲ್ಲೇ ಇದನ್ನ ಬರೆದಿಟ್ಟಿದಾನೆ. ಹೊಸಬ ಬಂದ್ರೆ ಆ ಲೆಕ್ಕ ಮತ್ತೆ ಆಗ್ಲೇಬೇಕು, ಇವತ್ತಲ್ಲ ನಾಳೆ.

ಹಂಗಾದ್ರೆ ಏನ್ಮಾಡ್ಬೇಕು? ತಂದ ಹುಂಜಾನ 4 ವಾರ ದೂರ ಇಡಿ. ಅದ್ರ ನೀರಿನ ಬಟ್ಲು ಬೇರೆ, ಕಾಳಿನ ತಟ್ಟೆ ಬೇರೆ. ಮೊದ್ಲು ಮನೆ ಕೋಳಿಗೆ ಹಾಕಿ, ಆಮೇಲೆ ಹೊಸದಕ್ಕೆ. ಚಪ್ಲಿ ಬದ್ಲಾಯ್ಸಿ, ಕೈ ತೊಳೀರಿ. ರೆಕ್ಕೆ ಸಂದಿ ಎತ್ತಿ ಹೇನು ನೋಡಿ. ಜಂತುಹುಳದ ಔಷ್ದಿ, ಲಸಿಕೆ ಎಲ್ಲ ಪಶು ಆಸ್ಪತ್ರೇಲಿ ಕೇಳಿ. ಆಮೇಲೆ ಒಂದು ವಾರ ನಡುವೆ ಜಾಲರಿ ಹಾಕಿ, ಮುಖ ನೋಡ್ಕೊಳ್ಳಿ, ಕುಕ್ಕೋಕಾಗ್ಬಾರ್ದು. ಕೊನೇಗೆ ಬಯಲಲ್ಲಿ ಬಿಟ್ಟು, ಎರಡು ಮೂರು ಕಡೆ ಕಾಳು ನೀರು ಇಟ್ಟು, ಎದುರಿಗೇ ಕೂತು ನೋಡಿ. ಒಂದು ಹುಂಜಕ್ಕೆ 8–10 ಹ್ಯಾಟೆ ಇರ್ಲಿ. ಕಮ್ಮಿ ಇದ್ರೆ ಹ್ಯಾಟೆ ಬೆನ್ನಿನ ಪುಕ್ಕ ಉಳಿಯಲ್ಲ.

ಬರೀ ಮೊಟ್ಟೆ ಸಾಕು ಅನ್ನೋರು ಹುಂಜ ತರ್ಲೇಬೇಡಿ. ಹುಂಜ ಇಲ್ದಿದ್ರೂ ಮೊಟ್ಟೆ ಇಡ್ತವೆ. ಪಕ್ಕದ ಮನೆಯೋರ ನಿದ್ದೇನಾದ್ರೂ ಉಳೀತದೆ.

"ನಮ್ಮಜ್ಜಿ ಇದೆಲ್ಲ ಮಾಡ್ತಿದ್ಲಾ?" ಅಂತೀರಾ. ಮಾಡ್ತಿರ್ಲಿಲ್ಲ. ಬೀದಿ ಬೀದಿ ಕೋಳಿ ಸಾಯ್ತಿದ್ವು, ಮಾರಮ್ಮನ ಮೇಲೆ ಹಾಕ್ಬುಡೋರು. ಸತ್ತಿದ್ದು ನಮಗೆ ಮರೆತೋಗಿದೆ, ಉಳ್ದಿದ್ದು ಮಾತ್ರ ನೆನಪಿದೆ.

"ನಾಕು ಕೋಳಿಗೆ ಇಷ್ಟೊಂದಾ?" ಅನ್ನೋರೂ ಇದಾರೆ. ರೋಗಕ್ಕೆ ಕಾಂಪೌಂಡು ಗೊತ್ತಿಲ್ಲ ಕಣ್ರೀ. 2020ರ ಮಾರ್ಚ್‌ನಲ್ಲಿ ನಮ್ಮೂರಿನ ಕುಂಬಾರಕೊಪ್ಪಲಲ್ಲಿ ಹಕ್ಕಿಜ್ವರ ಬಂದಾಗ ಸುತ್ತಮುತ್ತಲ ಮನೆ ಕೋಳಿಗಳನ್ನೂ ಕೊಂದು ಹೂಳಿದ್ರು. ರೋಗ ಬೇರೆ, ಪಾಠ ಒಂದೇ: ನನ್ ಕೋಳಿ ಬರೀ ನಂದಲ್ಲ.

ಇನ್ನು "ಹೊಸ ಸೊಸೆ ಥರ ಹೊಂದ್ಕೊಂಡೋಗ್ತದೆ ಬುಡು" ಅನ್ನೋರಿಗೆ ಒಂದೇ ಮಾತು. ನಮ್ಮನ್ನೂ ಹಂಗೇ ತಂದು ಬಿಟ್ಟಿದ್ರು. ಎಷ್ಟು ಕುಕ್ಕುಸ್ಕೊಂಡ್ವಿ ಅಂತ ಯಾರು ಕೇಳಿದ್ರು?

ಗೂಡು ತೊಳ್ದು ಸುಣ್ಣ ಬಳ್ದು, ತಿಂಗ್ಳುಗಟ್ಲೆ ಕಾದು, ಲಸಿಕೆ ಆಗಿರೋ 6 ಹ್ಯಾಟೆ ಸೇರ್ಸಿದೀನಿ. ಈಗ ಮುಂದಿನ ಗೇಟ್ ಹತ್ರ ಪಂಜರದಲ್ಲಿ ಒಂದು ಹೊಸ ಹುಂಜ ಇದೆ. "ಇನ್ನೂ ಬಿಟ್ಟಿಲ್ವಾ?" ಅಂತ ದಿನಾ ಕೇಳ್ತಾರೆ. ಇವತ್ತಿಗೆ 11 ದಿನ. ಇನ್ನೂ 17 ದಿನ ಇದೆ, ಬಿಡಲ್ಲ.